ಕಪ್ಪಿಗೆ ಎಷ್ಟು ಕ್ವಿಂಟಲ್?

ನಮ್ಮ ಹಳೇ ಟಿವಿ ಹೋಗಿದ್ದು ಕಳೆದ ಅಕ್ಟೋಬರಿನ ಚಿತ್ತೆ ಮಳೆಯಲ್ಲಿ. ಸಂಜೆ ಆರೂವರೆ ಇರಬಹುದು. ಗುಡುಗು ಶುರುವಾದ ಕೂಡಲೇ ಮಾವ ಎದ್ದು ಪ್ಲಗ್ ಕಿತ್ತಿದ್ದರು. ಶಿರಸಿ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೋಡ ಗುಡುಗಿದರೆ ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ. ಆದರೂ ಸುಟ್ಟಿತು. ಯಾಕೆಂದರೆ ಡಿಶ್ಶಿನ ಕೇಬಲ್ ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಮಾಡಿನ ಮೇಲಿನ ತಟ್ಟೆಯಿಂದ ಸೆಟ್‌ಟಾಪ್ ಬಾಕ್ಸಿಗೆ, ಬಾಕ್ಸಿನಿಂದ ಎಚ್‌ಡಿಎಂಐ ವೈರಿನಲ್ಲಿ ಟಿವಿಗೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗಾಯಿತು.

ರಿಪೇರಿಯವರು ಬಂದು ಹಿಂದಿನ ಮುಚ್ಚಳ ತೆಗೆದರು. ಒಳಗೆ ಒಂದು ಒಣಗಿದ ಹಲ್ಲಿ, ಇರುವೆಗಳ ಗೂಡು, ಬೋರ್ಡಿನ ಮೂಲೆಯಲ್ಲಿ ಕಪ್ಪು ಕಲೆ. "ಇಷ್ಟು ಹಳೇದಕ್ಕೆ ಈಗ ಬೋರ್ಡ್ ಸಿಗೂದಿಲ್ಲ ಅಮ್ಮ" ಎಂದರು. 32 ಇಂಚಿನ ಟಿವಿ. ಮಗಳು ಹುಟ್ಟುವ ಮೊದಲು ತಂದಿದ್ದು. ಅವಳೀಗ ಎಂಟನೇ ಕ್ಲಾಸು.

"ಈ ಸರ್ತಿ ಸ್ವಲ್ಪ ದೊಡ್ಡದೇ ತಗಂಬನ" ಅಂದರು ಮಾವ. ಅವರ ಬಾಯಲ್ಲಿ ಇಂಥ ಮಾತು ಬರುವುದು ಅಪರೂಪ. ಅತ್ತೆ ಅಡುಗೆಮನೆಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಇವರು ಸುಮ್ನೆ ಮೊಬೈಲಿನಲ್ಲಿದ್ದರು. ಕೊನೆಗೆ ಆ ಕೆಲಸ ನನ್ನ ತಲೆಗೆ ಬಂತು. ಮನೆಯ ಲೆಕ್ಕ ಬರೆಯುವವಳು ನಾನೇ ಅಲ್ವಾ. ಗಡುವು ಇಷ್ಟೇ: ಅಡಿಕೆ ಸುಲಿಯುವುದು ಶುರುವಾಗುವುದರೊಳಗೆ ಜಗಲಿಯಲ್ಲಿ ಟಿವಿ ಇರಬೇಕು. ಸುಲಿಯುವವರು ಟಿವಿ ಇಲ್ಲದ ಮನೆಗೆ ಬರಲು ಒಪ್ಪುವುದಿಲ್ಲ ಎಂದಲ್ಲ. ಆದರೆ ಟಿವಿ ಇದ್ದರೆ ಮುಖ ಸ್ವಲ್ಪ ಅರಳಿರುತ್ತದೆ.

ಎರಡು ತಿಂಗಳು ಸಮಯವಿತ್ತು. ಟಿವಿ ಕೊಳ್ಳಲು ಎರಡು ತಿಂಗಳಾ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಮೊದಲ ದಿನವೇ ಪೇಟೆಯ ಒಂದು ಅಂಗಡಿಗೆ ಹೋದೆ. ಒಂದು ಇಡೀ ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಅದೇ ಗಿಳಿ, ಅದೇ ಸ್ಟ್ರಾಬೆರಿ, ಅದೇ ಜೇನು ನಿಧಾನ ಸುರಿಯುವುದು. ನಮ್ಮ ಮನೆಯಲ್ಲಿ ಯಾರೂ ಇಡೀ ದಿನ ಗಿಳಿ ನೋಡುವುದಿಲ್ಲ. ಒಂದು ಪೆಟ್ಟಿಗೆಯ ಮೇಲೆ ಕ್ಯೂಎಲ್‌ಇಡಿ ಎಂದಿತ್ತು, ಪಕ್ಕದ್ದರ ಮೇಲೆ ಒಎಲ್‌ಇಡಿ. ಬೆಲೆಯಲ್ಲಿ ಆಕಾಶ ಭೂಮಿ ಅಂತರ. ವ್ಯತ್ಯಾಸ ಏನು ಎಂದು ಕೇಳಿದೆ. "ಎರಡೂ ಒಂದೇ ಮೇಡಂ, ಅದು ಕಂಪನಿ ಹೆಸರು ಅಷ್ಟೇ" ಎಂದ ಹುಡುಗ. ಒಂದೇ ಆದರೆ ದುಡ್ಡೂ ಒಂದೇ ಇರಬೇಕಿತ್ತಲ್ಲ. ಮನೆಗೆ ಬಂದು ಓದಲು ಕೂತೆ.

ಒಂದಲ್ಲ. ಇಂಗ್ಲಿಷಿನ ಓ ಅಕ್ಷರಕ್ಕೆ ಸಣ್ಣ ಬಾಲ ಹಚ್ಚಿದರೆ ಕ್ಯೂ ಆಗುತ್ತದೆ. ಆ ಬಾಲದಲ್ಲೇ ಎಲ್ಲ ಇದೆ.

ಸಾಮಾನ್ಯ ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ಅಸಲಿಗೆ ಎಲ್‌ಸಿಡಿ. ಹಿಂದೆ ಬಿಳಿ ದೀಪಗಳು, ಮುಂದೆ ಲಕ್ಷಾಂತರ ಪುಟ್ಟ ಬಾಗಿಲುಗಳು. ಬೆಳಕು ಬೇಕಾದಲ್ಲಿ ಬಾಗಿಲು ತೆರೆಯುತ್ತದೆ, ಬೇಡದಲ್ಲಿ ಮುಚ್ಚುತ್ತದೆ. ನಮ್ಮ ಹಳೇ ಮನೆಯ ಬಾಗಿಲಿನ ಹಾಗೆ, ಎಷ್ಟು ಮುಚ್ಚಿದರೂ ಸಂದಿಯಲ್ಲಿ ಬೆಳಕು ಜಿನುಗುತ್ತದೆ. ಹಾಗಾಗಿ ಅದರಲ್ಲಿ ಕಪ್ಪು ಎಂಬುದು ಪೂರ್ತಿ ಕಪ್ಪಲ್ಲ, ಬೂದಿ. ಕ್ಯೂಎಲ್‌ಇಡಿ ಕೂಡ ಇದೇ ಜಾತಿ. ದೀಪ ಮತ್ತು ಬಾಗಿಲುಗಳ ನಡುವೆ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಒಂದು ಹಾಳೆ ಇರುತ್ತದೆ. ಇದರಲ್ಲಿ ಹಿಂದಿನ ದೀಪ ಬಿಳಿಯಲ್ಲ, ನೀಲಿ. ಆ ಬೆಳಕು ಈ ಕಣಗಳಿಗೆ ತಾಗಿ ಶುದ್ಧ ಕೆಂಪು, ಶುದ್ಧ ಹಸಿರಾಗಿ ಹೊರಗೆ ಬರುತ್ತದೆ. ಬಣ್ಣ ಚೆನ್ನಾಗಿರುತ್ತದೆ. ಕಪ್ಪು ಮಾತ್ರ ಅದೇ ಬೂದಿ. ಆ ಕಣಗಳ ಶೋಧಕ್ಕೆ 2023ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಂಗಡಿಯ ಹುಡುಗನಿಗೆ ಅದು ಕಂಪನಿ ಹೆಸರು.

ಒಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ. 4ಕೆ ಟಿವಿ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಗುಣಿಸಿದರೆ ಸುಮಾರು 83 ಲಕ್ಷ. ಅಷ್ಟು ಹಣತೆ ಎಂದುಕೊಳ್ಳಿ. ಯಾವುದು ಬೇಡವೋ ಅದನ್ನು ಆರಿಸಿಬಿಡುತ್ತದೆ. ಆರಿದ ಹಣತೆಗೆ ಬೆಳಕೆಲ್ಲಿ? ಹಾಗಾಗಿ ಕಪ್ಪು ನಿಜವಾದ ಕಪ್ಪು. ಇವೆರಡರ ನಡುವೆ ಮಿನಿ ಎಲ್‌ಇಡಿ ಎಂದು ಇನ್ನೊಂದಿದೆ. ಅದೂ ಎಲ್‌ಸಿಡಿಯೇ, ಆದರೆ ಹಿಂದಿನ ದೀಪಗಳು ತೀರಾ ಸಣ್ಣವು, ಸಾವಿರಗಟ್ಟಲೆ. ಗುಂಪು ಗುಂಪಾಗಿ ಆರಿಸಬಹುದು. ಕಪ್ಪು ಬಹಳ ಚೆನ್ನಾಗಿ ಬರುತ್ತದೆ. ಆದರೆ ಕಪ್ಪಿನ ನಡುವೆ ಒಂದು ಹೊಳೆಯುವ ವಸ್ತು ಇದ್ದರೆ ಅದರ ಸುತ್ತ ಮಂಜು ಕವಿದ ಹಾಗೆ ಬೆಳಕು ಹರಡುತ್ತದೆ.

ಕಪ್ಪಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಮಾವ.

ಮಾವನಿಗೆ ಟಿವಿ ಎಂದರೆ ಹಗಲು ನ್ಯೂಸು, ರಾತ್ರಿ ಆಟ. ಆಟ ಎಂದರೆ ಯಕ್ಷಗಾನ, ನಮ್ಮ ಕಡೆ ಬೇರೆ ಹೆಸರು ಬೇಕಾಗಿಲ್ಲ. ಕೆರೆಮನೆ ಶಂಭು ಹೆಗಡೆಯವರ ಆಟ ಎಲ್ಲೆಲ್ಲಿ ನೋಡಿದ್ದೆ ಎಂದು ಊರುಗಳ ಪಟ್ಟಿ ಹೇಳುತ್ತಾರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡಾಗ ಒಂದು ದಿನ ತೋಟಕ್ಕೆ ಇಳಿಯಲಿಲ್ಲ. ಈಗ ಮೊಣಕಾಲು ನೋವು, ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂರುವುದು ಕಷ್ಟ. ಯೂಟ್ಯೂಬ್ ಬಂದ ಮೇಲೆ ಆಟ ಜಗಲಿಗೇ ಬಂತು. ಆಟದ ಚಿತ್ರ ಎಂದರೆ ಏನು? ಸುತ್ತ ರಾತ್ರಿ. ನಡುವೆ ಬೆಳಕಿನ ಒಂದು ಚೌಕ. ಅದರಲ್ಲಿ ಕೆಂಪು, ಹಳದಿ, ಜರಿ, ಕಪ್ಪು ಮುಂಡಾಸು. ಹಳೇ ಟಿವಿಯಲ್ಲಿ ಮುಂಡಾಸಿನ ಕಪ್ಪು, ಹಿಂದಿನ ಕತ್ತಲೆ, ಎರಡೂ ಒಂದೇ ಬೂದಿಯಾಗಿ ಕಲಸಿಹೋಗುತ್ತಿತ್ತು. ಮಾವ ಅದಕ್ಕೆ ಎಂದೂ ದೂರಿರಲಿಲ್ಲ. ಬೇರೆ ನೋಡಿರಲಿಲ್ಲವಲ್ಲ.

ಬೇರೆ ನೋಡಿದ್ದು ಕಾರವಾರದಲ್ಲಿ. ನಾದಿನಿಯ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಹತ್ತಿರ. ನವೆಂಬರಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗಿದ್ದೆವು. ಅವರು ಹಿಂದಿನ ವರ್ಷ 55 ಇಂಚಿನ ಒಎಲ್‌ಇಡಿ ತಂದಿದ್ದರು. ಊಟ ಆಯಿತು. ನಾದಿನಿ ದೀಪ ಆರಿಸಿ, ಯಾವುದೋ ಮೇಳದ ಈಚಿನ ಪ್ರಸಂಗ ಒಂದನ್ನು ಹಾಕಿದಳು. ಒಳ್ಳೆ ಕ್ಯಾಮೆರಾದಲ್ಲಿ ತೆಗೆದಿದ್ದು.

ಪರದೆಯ ಅಂಚು ಕಾಣಲಿಲ್ಲ. ಕೋಣೆಯ ಕತ್ತಲೆ ಎಲ್ಲಿ ಮುಗಿಯಿತು, ಟಿವಿಯ ಕತ್ತಲೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ಆ ಕತ್ತಲೆಯಿಂದ ವೇಷ ಎದ್ದು ಬಂದು ನಿಂತಿತು. ಮುಂಡಾಸಿನ ಕಪ್ಪು ಬಟ್ಟೆಯ ಮಡಿಕೆ ಕಾಣುತ್ತಿತ್ತು. ಜರಿಯ ಒಂದೊಂದು ಸುತ್ತು ಬೇರೆ ಬೇರೆ ಹೊಳೆಯುತ್ತಿತ್ತು. ಕೆನ್ನೆಯ ಬಣ್ಣ ಬೆವರಿಗೆ ಕರಗಿದ ಜಾಗವೂ ಕಂಡಿತು. ಮಾವ ಕುರ್ಚಿಯಲ್ಲಿ ಮುಂದೆ ಬಾಗಿ ಕೂತವರು ಒಂದು ತಾಸು ಹಿಂದೆ ಒರಗಲಿಲ್ಲ. ಚಂಡೆ ಏರಿದಾಗ ಎಡಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ನಾನು ಆಗಲೇ ತೀರ್ಮಾನ ಮಾಡಿದ್ದೆ. ಇದೇ.

ಮಾರನೇ ದಿನ ಹಗಲು ಹನ್ನೊಂದಕ್ಕೆ ಅತ್ತೆ ಅದೇ ಟಿವಿ ಮುಂದೆ ಕೂತರು. ಧಾರಾವಾಹಿಯ ಮರುಪ್ರಸಾರ. ಎದುರಿಗೆ ಸಮುದ್ರದ ಕಡೆಯ ದೊಡ್ಡ ಕಿಟಕಿ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಯಂಗೆ ಟಿವಿ ಕಾಣ್ತಿಲ್ಲೆ ಕೂಸೆ. ಯನ್ನ ಮೋರೆನೇ ಕಾಣ್ತು."

ನಾದಿನಿ ಎದ್ದು ಕಿಟಕಿಯ ಪರದೆ ಎಳೆದಳು. ಆಮೇಲೆ ಸರಿಯಾಯಿತು. ಅವರ ಮನೆಯಲ್ಲಿ ಎಳೆಯಲು ಪರದೆ ಇದೆ. ನಮ್ಮ ಜಗಲಿಗೆ ಎಲ್ಲಿಂದ ತರಲಿ? ಎದುರಿಗೆ ಅಂಗಳ. ಡಿಸೆಂಬರಿನಿಂದ ಅಂಗಳದ ತುಂಬ ಚಾಲಿಗೆ, ಅಂದರೆ ಬಿಸಿಲಿಗೆ ಒಣಗಿಸಿ ಮಾಡುವ ಬಿಳಿ ಅಡಿಕೆಗೆ, ಹಣ್ಣಡಿಕೆ ಹರವಿರುತ್ತದೆ. ಹತ್ತರಿಂದ ಮೂರರವರೆಗೆ ಆ ಬಿಸಿಲು ನೆಲಕ್ಕೆ ಬಡಿದು ಜಗಲಿಯೊಳಗೆ ನುಗ್ಗುತ್ತದೆ. ಜೂನ್ ಬಂತೆಂದರೆ ಅದೇ ಜಗಲಿ ಮಧ್ಯಾಹ್ನ ಹನ್ನೆರಡಕ್ಕೂ ಮಬ್ಬುಗತ್ತಲೆ. ಒಂದೇ ಜಾಗ, ಎರಡು ಕೋಣೆ. ಒಎಲ್‌ಇಡಿ ಮಳೆಗಾಲದ ಕೋಣೆಗೆ ಹೇಳಿ ಮಾಡಿಸಿದ್ದು. ಈಚಿನವು ಮೊದಲಿಗಿಂತ ಪ್ರಕಾಶ ಜಾಸ್ತಿ ಕೊಡುತ್ತವೆ, ಒಪ್ಪುತ್ತೇನೆ. ಆದರೂ ಇಡೀ ಪರದೆ ಬೆಳ್ಳಗಿರುವ ಚಿತ್ರ ಬಂದಾಗ ತಮ್ಮನ್ನು ತಾವೇ ಸ್ವಲ್ಪ ಮಂಕು ಮಾಡಿಕೊಳ್ಳುತ್ತವೆ. ಬಿಸಿಲಿನ ಜೊತೆ ಜಗಳಕ್ಕೆ ನಿಲ್ಲುವುದು ಹಿಂಬದಿ ದೀಪದ ಟಿವಿಯೇ.

ಕಾರವಾರದಿಂದ ಬರುವಾಗ ಕಾರಿನಲ್ಲಿ ನಾದಿನಿಯ ಇನ್ನೊಂದು ಮಾತು ತಲೆಯಲ್ಲಿ ತಿರುಗುತ್ತಿತ್ತು. ಟಿವಿ ಆಫ್ ಮಾಡಿದ ಮೇಲೆ ಪ್ಲಗ್ ಕೀಳಬೇಡ ಎಂದಿದ್ದಳು. ಯಾಕೆ ಎಂದು ಹುಡುಕಿದೆ. ಒಎಲ್‌ಇಡಿಯ ಹಣತೆಗಳು ಉರಿದಷ್ಟೂ ಸವೆಯುತ್ತವೆ, ಎಲ್ಲವೂ ಒಂದೇ ಸಮ ಸವೆಯುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಗುರುತು ದಿನಗಟ್ಟಲೆ ಇದ್ದರೆ ಅದರ ನೆರಳು ಅಲ್ಲೇ ಉಳಿಯಬಹುದು. ಇದನ್ನು ತಡೆಯಲು ಟಿವಿ ತಾನೇ ಒಂದು ಕೆಲಸ ಮಾಡಿಕೊಳ್ಳುತ್ತದೆ. ನಾವು ರಿಮೋಟಿನಲ್ಲಿ ಆಫ್ ಮಾಡಿದ ಮೇಲೆ, ಕರೆಂಟು ಇನ್ನೂ ಇರುವಾಗ, ಯಾವ ಚುಕ್ಕಿ ಎಷ್ಟು ಸವೆದಿದೆ ಎಂದು ಅಳೆದು ಸರಿಮಾಡಿಕೊಳ್ಳುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಆ ಕೆಲಸ ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ಏನಾಗುತ್ತದೆ? ಏಪ್ರಿಲ್, ಮೇ, ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ದಿನಾ ಸಂಜೆ ಪ್ಲಗ್ ಹೊರಗೆ. ಗುಡುಗಿಲ್ಲದ ದಿನವೂ ಮಲಗುವ ಮೊದಲು ಮಾವ ಒಂದು ಸುತ್ತು ಬಂದು ಎಲ್ಲ ಸ್ವಿಚ್ ಆರಿಸುತ್ತಾರೆ. ಆ ಅಭ್ಯಾಸ ಬಿಡಿಸಲು ನನ್ನಿಂದ ಆಗದು, ಬಿಡಿಸಲೂಬಾರದು. ಇನ್ನು ಹಗಲಿನ ನ್ಯೂಸು. ಕನ್ನಡದ ನ್ಯೂಸ್ ಚಾನೆಲ್ ಒಂದನ್ನು ಶಬ್ದ ತೆಗೆದು ಐದು ನಿಮಿಷ ನೋಡಿ. ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಓಡುವ ಪಟ್ಟಿ, ಮೂಲೆಯಲ್ಲಿ ಲೋಗೋ, ಇನ್ನೊಂದು ಮೂಲೆಯಲ್ಲಿ ಗಡಿಯಾರ. ಅಲ್ಲಾಡುವುದು ಬಹಳ ಕಡಿಮೆ. ಮಾವ ಕೇಳಲಿ ಬಿಡಲಿ, ಅದು ದಿನಕ್ಕೆ ಐದಾರು ತಾಸು ಓಡುತ್ತಿರುತ್ತದೆ. ಒಎಲ್‌ಇಡಿಗೆ ಇದಕ್ಕಿಂತ ಕೆಟ್ಟ ಊಟ ಇಲ್ಲ. ನಾದಿನಿಯ ಮನೆಯಲ್ಲಿ ಸಂಜೆ ಎರಡು ತಾಸು ಸಿನಿಮಾ, ಕ್ರಿಕೆಟ್ಟು ಅಷ್ಟೇ. ಅವಳಿಗೆ ಅದು ಸರಿ.

ಅವಳಿಗೆ ಬೇರೆ ಕಷ್ಟ ಇದೆ, ಉಪ್ಪುಗಾಳಿ. ವರ್ಷದೊಳಗೆ ಒಂದು ಯುಎಸ್‌ಬಿ ಕಿಂಡಿ ಹಸಿರುಗಟ್ಟಿದೆ. ಬಳಸದ ಕಿಂಡಿಗಳಿಗೆ ಈಗ ಪ್ಲಾಸ್ಟಿಕ್ ಮುಚ್ಚಳ ಹಾಕಿಟ್ಟಿದ್ದಾಳೆ. ಕರಾವಳಿಯವರು ಟಿವಿ ದಿನಾ ಸ್ವಲ್ಪ ಹೊತ್ತು ಹಚ್ಚುವುದು ಒಳ್ಳೇದು, ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಘಟ್ಟದ ಮೇಲಿನ ನಮಗೂ ಮಳೆಗಾಲದಲ್ಲಿ ಇದೇ ಮಾತು.

ಇಷ್ಟರಲ್ಲಿ ಅಳತೆಯ ಜಗಳ ಶುರುವಾಗಿತ್ತು. ಇವರಿಗೆ 65 ಬೇಕು. ಮಗಳಿಗೆ 75. ಅತ್ತೆಗೆ ಮೊದಲಿದ್ದಷ್ಟೇ ಸಾಕು. ನಾನು ಅಳತೆ ಟೇಪು ತೆಗೆದೆ. ಮಾವನ ಆರಾಮ ಕುರ್ಚಿಯಿಂದ ಗೋಡೆಗೆ 9 ಅಡಿ. 55 ಇಂಚು ಎಂದರೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 122 ಸೆಂಟಿಮೀಟರ್, 4 ಅಡಿ. 65 ಆದರೆ ಅಗಲ 144 ಸೆಂಟಿಮೀಟರ್. ನೋಡುವವರ ಕಣ್ಣಿಗೆ ಪರದೆ 30 ಡಿಗ್ರಿಯಷ್ಟು ಅಗಲ ತುಂಬಬೇಕು ಎನ್ನುವುದು ಒಂದು ಹಳೇ ಲೆಕ್ಕ. ಥಿಯೇಟರಿನ ಅನುಭವ ಬೇಕೆನ್ನುವವರು 40 ಎನ್ನುತ್ತಾರೆ. 9 ಅಡಿಯಿಂದ 55 ಇಂಚು 25 ಡಿಗ್ರಿ, 65 ಇಂಚು ಹೆಚ್ಚುಕಡಿಮೆ 30. "ನೋಡು, ಲೆಕ್ಕ ನನ್ನ ಕಡೆಗಿದೆ" ಅಂದರು ಇವರು.

ಮಗಳು ಶಾಲೆಯಿಂದ ಚಾಕ್ ತಂದು ಗೋಡೆಯ ಮೇಲೆ ಎರಡೂ ಚೌಕ ಬರೆದಳು. ಕೆಮ್ಮಣ್ಣು ಬಳಿದ ಗೋಡೆ, ಬಿಳಿ ಗೆರೆ, ಹಸೆ ಬರೆದ ಹಾಗೆ ಚೆಂದ ಕಂಡಿತು. 65ರ ಚೌಕದೊಳಗೆ ಮಾವನ ಅಪ್ಪನ ಫೋಟೋ ಬಂತು. 55ರಲ್ಲಿ ಅದು ಬಿಡುಗಡೆ. ಮಾವ ಏನೂ ಹೇಳಲಿಲ್ಲ. ಫೋಟೋ ನೋಡಿದರು, ಚೌಕ ನೋಡಿದರು, ಒಂದು ಕವಳ ಹಾಕಿದರು.

ಫೋಟೋ ತೆಗೆದು ಪಕ್ಕಕ್ಕೆ ಹಾಕಬಹುದಿತ್ತು, ಅದು ದೊಡ್ಡ ಮಾತಲ್ಲ. ನನ್ನನ್ನು 65ರಿಂದ ಹಿಂದೆಳೆದಿದ್ದು ಬೇರೆ. ನಾವು ನೋಡುವುದು ಏನು? ಅತ್ತೆಯ ಧಾರಾವಾಹಿ ಡಿಶ್ಶಿನಲ್ಲಿ ಎಸ್‌ಡಿ ಚಾನೆಲ್. ಅದರ ಚಿತ್ರದಲ್ಲಿ ಇರುವುದು ಅಡ್ಡ 720, ಉದ್ದ 576 ಚುಕ್ಕಿ, ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ಅದನ್ನು 83 ಲಕ್ಷ ಚುಕ್ಕಿಯ ಪರದೆಗೆ ಹಿಗ್ಗಿಸಬೇಕು. ಬಂದ ಒಂದು ಚುಕ್ಕಿಗೆ ಟಿವಿ 20 ಚುಕ್ಕಿಯನ್ನು ಊಹಿಸಿ ತುಂಬಿಸಬೇಕು. ಒಂದು ಸೇರು ಹಾಲಿಗೆ 19 ಸೇರು ನೀರು. ಮಾವನ ಅಚ್ಚುಮೆಚ್ಚಿನ ಚಿಟ್ಟಾಣಿಯವರ ಹಳೇ ರೆಕಾರ್ಡಿಂಗುಗಳೋ, ಕ್ಯಾಸೆಟ್ಟಿನಿಂದ ಇಳಿಸಿದ್ದು. ಅದಕ್ಕಿಂತ ಮಸುಕು. ಪರದೆ ದೊಡ್ಡದಾದಷ್ಟೂ ಆ ನೀರು ಎದ್ದು ಕಾಣುತ್ತದೆ. ನಾದಿನಿಯ ಮನೆಯಲ್ಲಿ ನೋಡಿದ್ದು ಹೊಸ ರೆಕಾರ್ಡಿಂಗ್ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

4ಕೆಯ ನಾಲ್ಕು ಪಟ್ಟು ಚುಕ್ಕಿ ಇರುವ 8ಕೆ ಬಗ್ಗೆ ಒಂದೇ ಮಾತು: 9 ಅಡಿ ದೂರದಿಂದ 55 ಇಂಚಿನಲ್ಲಿ 4ಕೆಯ ಚುಕ್ಕಿಗಳನ್ನೇ ಸಾಮಾನ್ಯ ಕಣ್ಣು ಬಿಡಿಸಿ ನೋಡಲಾರದು. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆ, ವಿಡಿಯೋ ಗೇಮ್ ಆಡುವ ಮಕ್ಕಳಿದ್ದರೆ ನೋಡಿ.

ಗೋಡೆಗೆ ನೇತುಹಾಕುವ ಆಸೆ ಮೊದಲ ವಾರವೇ ಮುಗಿಯಿತು. ಮಣ್ಣಿನ ಗೋಡೆ. ಇವರು ಪರೀಕ್ಷೆಗೆ ಒಂದು ತೂತು ಕೊರೆದರು. ಡ್ರಿಲ್ ಹೊರಗೆ ತೆಗೆದರೆ ಒಂದು ಮುಷ್ಟಿ ಮಣ್ಣು ಸುರಿಯಿತು, ಹಿಂದೆಯೇ ಒಂದಿಷ್ಟು ಗೆದ್ದಲು. 15 ಕಿಲೋ ಆಸುಪಾಸಿನ ಟಿವಿಯನ್ನು ಅದಕ್ಕೆ ನೇತುಹಾಕುವ ಧೈರ್ಯ ಬರಲಿಲ್ಲ. ಮೇಜಿನ ಮೇಲೆ ಇಡಬೇಕು. ದೊಡ್ಡ ಟಿವಿಗಳ ಕಾಲು ಎರಡು ತುದಿಯಲ್ಲಿರುತ್ತವೆ, ಮೇಜು 4 ಅಡಿ ಉದ್ದ ಇರಲೇಬೇಕು. ಇದನ್ನು ಯಾವ ಅಂಗಡಿಯವರೂ ತಾವಾಗಿ ಹೇಳುವುದಿಲ್ಲ. ಹಳೇ ಹಲಸಿನ ಹಲಗೆಯೊಂದು ಅಟ್ಟದ ಮೇಲಿತ್ತು, ಆಚಾರಿ ಬಂದು ಕಾಲು ಹಚ್ಚಿಕೊಟ್ಟರು.

ಈಗ ಉಳಿದಿದ್ದು ಕೂರುವವರ ಪ್ರಶ್ನೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೂ ಇದೇ.

ನಮ್ಮ ಜಗಲಿ ಉದ್ದಕ್ಕಿದೆ. ಮಾವನ ಕುರ್ಚಿ ಮಾತ್ರ ಟಿವಿಗೆ ನೇರ. ಅಡಿಕೆ ಸುಲಿಯುವ ದಿನಗಳಲ್ಲಿ ಹತ್ತು ಹನ್ನೆರಡು ಜನ ಗೋಡೆಗುಂಟ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ತುದಿಯಲ್ಲಿ ಕೂತವರಿಗೆ ಟಿವಿ ಕಾಣುವುದು ಬಹಳ ಓರೆಯಲ್ಲಿ. ಎಲ್‌ಸಿಡಿಯ ಪುಟ್ಟ ಬಾಗಿಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ವಿಎ. ಅದರಲ್ಲಿ ಕಪ್ಪು ಚೆನ್ನ, ಬಿಳಿಗೂ ಕಪ್ಪಿಗೂ 3000ಕ್ಕೆ 1, ಕೆಲವೊಮ್ಮೆ 5000ಕ್ಕೆ 1ರ ಅಂತರ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದು ಹೋದ ಸೀರೆಯಂತೆ. ಇನ್ನೊಂದು ಐಪಿಎಸ್. ಕಪ್ಪಿನ ಅಂತರ 1000ಕ್ಕೆ 1ರ ಆಸುಪಾಸು ಅಷ್ಟೇ, ಆದರೆ ಓರೆಯಿಂದಲೂ ಬಣ್ಣ ಕೆಡುವುದಿಲ್ಲ. ಮಿನಿ ಎಲ್‌ಇಡಿಗಳಲ್ಲಿ ಹೆಚ್ಚಿನವು ವಿಎ. ಒಎಲ್‌ಇಡಿಗೆ ಈ ಚಿಂತೆಯೇ ಇಲ್ಲ, ಎಲ್ಲಿಂದ ನೋಡಿದರೂ ಸರಿ. ಸಿಟ್ಟು ಬರುವುದು ಅದಕ್ಕೇ.

ಯಾವ ಟಿವಿಯೊಳಗೆ ಯಾವ ಜಾತಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಕಡಿಮೆ. ಒಂದೇ ಮಾದರಿಯ 50 ಇಂಚಿನದರಲ್ಲಿ ಒಂದು, 55ರಲ್ಲಿ ಇನ್ನೊಂದು ಇರಬಹುದು. ಹಾಗಾಗಿ ಎರಡನೇ ಸಲ ಅಂಗಡಿಗೆ ಹೋದಾಗ ಪೆನ್‌ಡ್ರೈವ್ ಒಯ್ದಿದ್ದೆ. ಅದರಲ್ಲಿ ನಮ್ಮೂರ ಆಟದ ಒಂದು ತುಂಡು, ಇವರು ಮೊಬೈಲಿನಲ್ಲಿ ತೆಗೆದಿದ್ದು. ಜೊತೆಗೆ ಮಗಳು ಮಾಡಿಕೊಟ್ಟ ಪೂರ್ತಿ ಬೂದು ಬಣ್ಣದ ಒಂದು ಚಿತ್ರ. ಬೂದು ಚಿತ್ರ ಹಾಕಿದರೆ ಪರದೆಯ ಮೇಲೆ ಕೊಳೆಯಂಥ ಮಚ್ಚೆ, ಪಟ್ಟೆ ಇದ್ದರೆ ಬಯಲಾಗುತ್ತದೆ. ಗಿಳಿ ಅದನ್ನೆಲ್ಲ ಮುಚ್ಚಿಬಿಡುತ್ತದೆ. ಅಂಗಡಿಯವರು ಹಾಕಿಟ್ಟ ಕಣ್ಣು ಕುಕ್ಕುವ ಮೋಡ್ ತೆಗೆಸಿ ಸಾದಾ ಮಾಡಿಸಿದೆ. ಆಮೇಲೆ ಮಾವನನ್ನು ನೇರಕ್ಕೆ ನಿಲ್ಲಿಸಿ, ನಾನು ಪಕ್ಕಕ್ಕೆ ಹೋಗಿ ನೆಲದ ಮೇಲೆ ಕೂತೆ. ಸುಲಿಯುವವರು ಕೂರುವ ಎತ್ತರಕ್ಕೆ. ಅಂಗಡಿಯ ಹುಡುಗ ಗಾಬರಿಯಾಗಿ ಕುರ್ಚಿ ತಂದ. ಬೇಡ ಎಂದೆ.

ಮೂರನೇ ಟಿವಿಯಲ್ಲಿ ಬಣ್ಣ ಕೆಡಲಿಲ್ಲ. ಕೆಂಪು ಕೆಂಪಾಗಿಯೇ ಇತ್ತು. ಕಪ್ಪು ಬೂದಿ.

"ಮಾವ, ಕಪ್ಪು ಹೆಂಗೆ ಕಾಣ್ತು?" ಎಂದು ಕೇಳಿದೆ.

"ಕಾರವಾರದ್ದರ ಹಂಗಿಲ್ಲೆ."

ಅಷ್ಟೇ. ಹುಡುಗ ಇದೇ ಸಮಯ ಎಂದು ಪಕ್ಕದ ಒಎಲ್‌ಇಡಿಯ ಬೆಲೆ ಹೇಳಿದ. ತೆರಿಗೆ ಇಳಿದಿದ್ದು ನಮಗೆ ಅನುಕೂಲವೇ ಆಗಿತ್ತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಬಂದಿತ್ತು. ಆದರೂ ಒಎಲ್‌ಇಡಿ ಸಾದಾ ಟಿವಿಯ ಎರಡೂವರೆ ಪಟ್ಟು. ಮಾವನಿಗೆ ರೂಪಾಯಿಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಎಲ್ಲ ಅಡಿಕೆಯಲ್ಲೇ ಲೆಕ್ಕ. ಬೆರಳು ಮಡಿಸಿ, ಆ ದಿನದ ಧಾರಣೆಗೆ ಗುಣಿಸಿ, "ಇದು ಒಂದು ಕ್ವಿಂಟಲ್ ಚಾಲಿ, ಅದು ಮೂರು ಕ್ವಿಂಟಲ್ ಹತ್ರ ಆತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಪ್ಪಿಗೆ ಎರಡು ಕ್ವಿಂಟಲ್!"

ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಅವರು ಬೇಕು ಎಂದಿದ್ದರೆ ಕೊಡಿಸುತ್ತಿದ್ದೆ. ನನ್ನ ಇಷ್ಟು ದಿನದ ಓದು, ಪ್ಲಗ್ಗು, ಬಿಸಿಲು, ನ್ಯೂಸಿನ ಪಟ್ಟಿ, ಎಲ್ಲ ಬದಿಗಿಟ್ಟು ಕೊಡಿಸುತ್ತಿದ್ದೆ. ಕೋಡಿಬಾಗದಲ್ಲಿ ಅವರ ಬೆರಳು ತಾಳ ಹಾಕಿದ್ದನ್ನು ನೋಡಿದವಳು ನಾನು.

ಅವರು ರಿಮೋಟನ್ನು ಹುಡುಗನ ಕೈಗೆ ಕೊಟ್ಟರು. "ಕಪ್ಪು ಬೇಕಾದ್ರೆ ಆನು ಆಟಕ್ಕೇ ಹೋಗ್ತಿ. ಇದು ಸಾಕು."

ರಿಪೇರಿಯ ಯೋಚನೆಯೂ ಇತ್ತು. ಒಎಲ್‌ಇಡಿಯ ಪ್ಯಾನೆಲ್ ಹೋದರೆ ಅದರ ಖರ್ಚು ಹೊಸ ಟಿವಿಯ ಹತ್ತಿರ ಹೋಗುತ್ತದೆ, ಹುಬ್ಬಳ್ಳಿಯಿಂದ 100 ಕಿಲೋಮೀಟರ್ ದೂರ ಜನ ಬರಬೇಕು. ಸಾದಾ ಟಿವಿಯಲ್ಲಿ ಸಾಮಾನ್ಯವಾಗಿ ಹೋಗುವುದು ಹಿಂದಿನ ದೀಪದ ಪಟ್ಟಿ. ಶಬ್ದ ಬರುತ್ತದೆ, ಚಿತ್ರ ಇಲ್ಲ. ಕತ್ತಲೆಯಲ್ಲಿ ಪರದೆಗೆ ಟಾರ್ಚ್ ಬಿಟ್ಟು ನೋಡಿದರೆ ಚಿತ್ರ ಮಸುಕಾಗಿ ಓಡುತ್ತಿರುವುದು ಕಾಣುತ್ತದೆ. ಆ ಪಟ್ಟಿ ಬದಲಿಸುವವರು ಶಿರಸಿಯಲ್ಲೇ ಇದ್ದಾರೆ. ಆ ದೀಪದ ಪ್ರಕಾಶ ಸ್ವಲ್ಪ ಇಳಿಸಿಟ್ಟರೆ ಅದು ಬಾಳುವುದೂ ಜಾಸ್ತಿ. ಈಗ ನಮ್ಮದರಲ್ಲಿ ರಾತ್ರಿ 50, ಬಿಸಿಲಿದ್ದಾಗ 90.

ಉಳಿದ ದುಡ್ಡಿನಲ್ಲಿ ಎರಡು ಕೆಲಸ ಮಾಡಿಸಿದೆ. ಒಂದು, ಮನೆಗೆ ಹೊಸ ಅರ್ಥಿಂಗ್. ಅರ್ಥಿಂಗ್ ಸರಿ ಇಲ್ಲದಿದ್ದರೆ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವಿದ್ಯುತ್ತನ್ನು, ತಡೆಯುವ ಪ್ಲಗ್ ಇದ್ದೂ ಇಲ್ಲದ ಹಾಗೆ, ಬಂದ ಸಿಡಿಲಿನ ವಿದ್ಯುತ್ತನ್ನು ಅದು ಎಲ್ಲಿಗೆ ಕಳಿಸಬೇಕು? ಸ್ಟೆಬಿಲೈಜರ್ ಬೇಕಾ ಎಂದು ಬಹಳ ಜನ ಕೇಳುತ್ತಾರೆ. ಟಿವಿಯ ಹಿಂದೆ 100ರಿಂದ 240 ವೋಲ್ಟ್ ಎಂದು ಬರೆದಿದೆಯಾ ನೋಡಿ. ಇದ್ದರೆ ನಮ್ಮ ಕಡೆಯ ಲೋ ವೋಲ್ಟೇಜಿಗೆ ಅದು ತಾನೇ ಹೊಂದಿಕೊಳ್ಳುತ್ತದೆ. ಸ್ಟೆಬಿಲೈಜರ್ ಏನೂ ಸಿಡಿಲು ತಡೆಯುವುದಿಲ್ಲ. ಇನ್ವರ್ಟರಿಗೂ ತೊಂದರೆಯಾಗಲಿಲ್ಲ, ಈ ಗಾತ್ರದ ಸಾದಾ ಟಿವಿ 100-150 ವ್ಯಾಟಿನೊಳಗೆ ಓಡುತ್ತದೆ. ಡಿಶ್ಶಿನ ಕೇಬಲ್ ಬಿಚ್ಚುವುದು ಈಗ ಮಗಳ ಕೆಲಸ. ಜೋರು ಮಳೆಯಲ್ಲಿ ಹೇಗೂ ಸಿಗ್ನಲ್ ಇರುವುದಿಲ್ಲ, ತಟ್ಟೆಗೆ ಬರುವ ಅಲೆಗಳನ್ನು ಮಳೆಹನಿಯೇ ನುಂಗಿಬಿಡುತ್ತದೆ. ಆಗ ಕೇಬಲ್ ಬಿಚ್ಚಿದರೆ ಯಾರಿಗೇನು ನಷ್ಟ?

ಎರಡನೆಯದು ಒಂದು ಸೌಂಡ್‌ಬಾರ್. ತೆಳ್ಳಗಿನ ಟಿವಿಗಳ ಸ್ಪೀಕರ್ ಕೆಳಗೆ ಮುಖ ಮಾಡಿರುತ್ತದೆ, ಮೇಜಿನ ಹಲಗೆಗೆ ಹಾಡು ಹೇಳುತ್ತದೆ. ತಗಡಿನ ಮಾಡು ಹಾಕಿಸಿದ ಮೇಲೆ ಮಳೆಗಾಲದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಇವರು ಸೌಂಡ್‌ಬಾರ್ ದಂಡ ಎಂದರು. 65 ಇಂಚು ಕೈತಪ್ಪಿದ ಸಿಟ್ಟು ಅದು.

ಟಿವಿ ಬಂದಿದ್ದು ಡಿಸೆಂಬರ್ ಮೊದಲ ವಾರ. ಹಲಸಿನ ಮೇಜಿನ ಮೇಲೆ ಕೂತಿತು. ಅದರ ಸುತ್ತ ಅರ್ಧ ಗೇಣು ಬಿಟ್ಟು 65ರ ಚಾಕ್ ಗೆರೆ ಹಾಗೇ ಇದೆ, ಫೋಟೋವನ್ನೂ ಒಳಗೆ ಸೇರಿಸಿಕೊಂಡು. ಒರೆಸಿದರೆ ಕೆಮ್ಮಣ್ಣೂ ಬರುತ್ತದೆ ಎಂದು ಅತ್ತೆ ಬಿಟ್ಟಿದ್ದಾರೆ. ಇವರು ಆಗಾಗ ಅದನ್ನೇ ನೋಡುತ್ತಾರೆ.

ನಾಲ್ಕು ದಿನಕ್ಕೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಆಯಿತು. ಕೆಂಪಡಿಕೆಗೆ ಬೇಕಾದಷ್ಟು ಹಸಿ ಅಡಿಕೆ ಜಗಲಿಗೆ ಬಂದು ರಾಶಿ ಬಿತ್ತು. ಸಂಜೆ ಏಳಕ್ಕೆ ಸುಲಿಯುವವರು ಬಂದರು. ಎರಡು ಟ್ಯೂಬ್‌ಲೈಟ್, ಒಂದು ದೊಡ್ಡ ಬಲ್ಬು. ಅಷ್ಟು ಬೆಳಕಿನಲ್ಲಿ ಟಿವಿಯ ಕಪ್ಪು ಬೂದಿಯೋ ಕಪ್ಪೋ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಧಾರಾವಾಹಿ ಓಡುತ್ತಿತ್ತು. ಕತ್ತಿಗೆ ಅಡಿಕೆ ಒತ್ತುವ ಚರಕ್ ಚರಕ್ ಶಬ್ದ. ನಾನು ಚಾ ಹಿಡಿದುಕೊಂಡು ಸಾಲಿನ ತುದಿಗೆ ಹೋದೆ. ತುದಿಯಲ್ಲಿ ಕೂತವಳು ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಸುಲಿಯಲು ಬರುವವಳು. ಅಂಗಡಿಯಲ್ಲಿ ನೆಲಕ್ಕೆ ಕೂತು ನೋಡಿದ್ದು ಅವಳ ಜಾಗದಿಂದಲೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡಿದ್ದೆ.

"ಇಲ್ಲಿಂದ ಬಣ್ಣ ಸರಿ ಕಾಣ್ತದಾ?" ಎಂದು ಕೇಳಿದೆ.

ಅವಳು ತಲೆ ಎತ್ತಲಿಲ್ಲ. ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದಳು, ಇನ್ನೊಂದು ಎತ್ತಿಕೊಂಡಳು. ಡಬ್ಬಿ ಲೆಕ್ಕದ ಕೂಲಿ.

"ಕತ್ತಿ ಮುಂದೆ ಕೂತು ಕಣ್ಣು ಎತ್ತೂಕೆ ಆಗ್ತದ್ಯ ಅಮ್ಮ? ನಾವು ಕೇಳೂದೇಯ. ಇನ್ನೂ ಸ್ವಲ್ಪ ದೊಡ್ಡದು ಮಾಡಿ."